ಆಟ ಮುಗಿದ ಮೇಲೆ

ಚದುರಂಗದಿಂದ ಆಗುವ ಪ್ರಯೋಜನವೇನೆಂದು ಕೇಳಿದರೆ ಉತ್ತರಕ್ಕಾಗಿ ಯಾರೂ ತಡಕಾಡುವುದಿಲ್ಲ. ಬುದ್ಧಿ ಚುರುಕಾಗುತ್ತದೆ, ತಾಳ್ಮೆ ಬೆಳೆಯುತ್ತದೆ, ಗಣಿತ ಚೆನ್ನಾಗಿ ಬರುತ್ತದೆ ಎಂದು ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಾರೆ. ಇವುಗಳಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಬುದ್ಧಿಯನ್ನು ಹರಿತಗೊಳಿಸುವ ವಿದ್ಯೆಗಳು ಲೋಕದಲ್ಲಿ ಬೇಕಾದಷ್ಟಿವೆ. ಅದಕ್ಕಾಗಿ ಚದುರಂಗವೇ ಆಗಬೇಕೆಂದಿಲ್ಲ. ಆದರೆ ಈ ಆಟದ ಜೊತೆಯಲ್ಲಿ ಒಂದು ಸಂಪ್ರದಾಯ ಬೆಳೆದು ಬಂದಿದೆ. ಪಂದ್ಯ ಮುಗಿದ ಬಳಿಕ ಗೆದ್ದವನೂ ಸೋತವನೂ ಅದೇ ಹಾಸಿನ ಮುಂದೆ ಕುಳಿತು, ಆಡಿದ ಆಟವನ್ನು ಮತ್ತೊಮ್ಮೆ ಬಿಚ್ಚಿ ನೋಡುತ್ತಾರೆ. ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ಇಬ್ಬರೂ ಸೇರಿ ಹುಡುಕುತ್ತಾರೆ. ಚದುರಂಗದಿಂದ ನಾವು ಕಲಿಯಬೇಕಾದುದರಲ್ಲಿ ಇದೇ ಹಿರಿದು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನನ್ನನ್ನು ತಂದದ್ದು ಜಗದ್ವಿಖ್ಯಾತರ ಆಟವೇನೂ ಅಲ್ಲ. ಸಣ್ಣ ಊರೊಂದರ ಸಂಘದಲ್ಲಿ ಇಬ್ಬರು ಸಾಮಾನ್ಯ ಆಟಗಾರರು ಆಡಿದ ಒಂದು ಪಂದ್ಯ.

ಆ ಪಂದ್ಯದ ವಿಷಯಕ್ಕೆ ಬರುವ ಮುನ್ನ ಆಟದ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳುವುದು ಒಳ್ಳೆಯದು. ಚದುರಂಗವೆಂಬುದು ‘ಚತುರಂಗ’ ಎಂಬ ಸಂಸ್ಕೃತ ಪದದ ತದ್ಭವ. ಆನೆ, ಕುದುರೆ, ರಥ, ಪದಾತಿ ಎಂಬ ಸೇನೆಯ ನಾಲ್ಕು ಅಂಗಗಳಿಂದ ಬಂದ ಹೆಸರಿದು. ಸುಮಾರು 6ನೆಯ ಶತಮಾನದ ಹೊತ್ತಿಗೆ ನಮ್ಮ ದೇಶದಲ್ಲಿ ರೂಪುಗೊಂಡಿದ್ದ ಈ ಆಟ ಪರ್ಷಿಯಕ್ಕೆ ಹೋಗಿ, ಅರಬರ ಕೈ ಸೇರಿ, ಅಲ್ಲಿಂದ ಯೂರೋಪನ್ನು ಮುಟ್ಟಿತು. ರಾಜನಿಗೆ ಆಪತ್ತು ಬಂದಾಗ ನಾವು ಹೇಳುವ ‘ಶಹ’ ಎಂಬ ಮಾತು ಪರ್ಷಿಯನ್ ಭಾಷೆಯದು. ಅದಕ್ಕೆ ದೊರೆ ಎಂದೇ ಅರ್ಥ. ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟದ ರಸಿಕರಾಗಿದ್ದರು. ಹಾಸಿನ 64 ಮನೆಗಳನ್ನೂ ಕುದುರೆಯು ಒಂದೊಂದು ಸಲ ಮಾತ್ರ ಮುಟ್ಟಿ ಬರುವಂತಹ ಕುತೂಹಲಕರ ಬಂಧಗಳನ್ನು ಅವರು ರಚಿಸಿದ್ದರು. ಈಗಿನ ಪಂದ್ಯಗಳ ನಿಯಮಗಳನ್ನು ಗೊತ್ತುಪಡಿಸುವುದು 1924ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ.

ಆ ನಿಯಮಗಳಲ್ಲಿ ಮೂರನ್ನು ಇಲ್ಲಿ ನೆನೆಯಬೇಕು. ನಡೆಸಲೆಂದು ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಇಟ್ಟು ಕೈಬಿಟ್ಟ ಮೇಲೆ ನಡೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಇದು ಮೊದಲನೆಯದು. ಇಬ್ಬರಿಗೂ ಗೊತ್ತುಮಾಡಿದಷ್ಟೇ ಕಾಲ; ತನ್ನ ಸರದಿಯಲ್ಲಿ ಅವರವರ ಗಡಿಯಾರ ಓಡುತ್ತಿರುತ್ತದೆ. ಇದು ಎರಡನೆಯದು. ದೀರ್ಘಕಾಲದ ಪಂದ್ಯಗಳಲ್ಲಿ ಪ್ರತಿಯೊಂದು ನಡೆಯನ್ನೂ ಆಟಗಾರನು ತನ್ನ ಕೈಯಿಂದಲೇ ಹಾಳೆಯ ಮೇಲೆ ಬರೆಯುತ್ತ ಹೋಗಬೇಕು. ಇದು ಮೂರನೆಯದು. ಪಗಡೆಯಲ್ಲಿ ಸೋತವನು ದಾಳ ಬೀಳಲಿಲ್ಲ ಎನ್ನಬಹುದು. ಇಸ್ಪೀಟಿನಲ್ಲಿ ಸೋತವನು ಒಳ್ಳೆಯ ಎಲೆ ಬರಲಿಲ್ಲ ಎನ್ನಬಹುದು. ಕ್ರಿಕೆಟ್ಟಿನಲ್ಲಿ ಸೋತವರು ಮಳೆಯನ್ನೋ ನೆಲವನ್ನೋ ದೂರಬಹುದು. ಚದುರಂಗದಲ್ಲಿ ಬಿಳಿಯ ಕಾಯಿಗಳವರಿಗೆ ಮೊದಲ ನಡೆ ಎಂಬುದೊಂದನ್ನು ಬಿಟ್ಟರೆ ಎರಡು ಸೈನ್ಯಗಳೂ ಸಮ. ಎದುರಾಳಿಯ ಬಲವೆಲ್ಲ ನಮ್ಮ ಕಣ್ಣೆದುರಿಗೇ ಇರುತ್ತದೆ. ಮರೆಯಲ್ಲಿ ಏನೂ ಇಲ್ಲ. ಸೋತವನ ಕೈಯಲ್ಲಿ ಉಳಿಯುವುದು ಅವನೇ ಬರೆದ ಒಂದು ಹಾಳೆ. ಅದರಲ್ಲಿ ಎಲ್ಲಿಯೋ ಒಂದು ಕಡೆ ಅವನ ತಪ್ಪು ಅವನದೇ ಅಕ್ಷರದಲ್ಲಿ ದಾಖಲಾಗಿರುತ್ತದೆ.

ಈಗ ನಾನು ನೋಡಿದ ಪಂದ್ಯದ ಸಂಗತಿ. ತಾಲ್ಲೂಕು ಕೇಂದ್ರವೊಂದರ ಚದುರಂಗ ಸಂಘದವರು ಎರಡು ದಿನಗಳ ಸ್ಪರ್ಧೆಯನ್ನು ಏರ್ಪಡಿಸಿದ್ದರು. ಬಹುಮಾನ ಹಂಚಲು ನನ್ನನ್ನು ಕರೆದಿದ್ದರು. ಸಭೆಗೆ ಮೊದಲೇ ಹೋಗಿದ್ದರಿಂದ ಕೊನೆಯ ಸುತ್ತಿನ ಆಟಗಳನ್ನು ನೋಡುವ ಅವಕಾಶ ನನಗೆ ಸಿಕ್ಕಿತು. ಭವನದ ಒಳಗೆ ಐವತ್ತು ಜನರಿದ್ದರೂ ಗಡಿಯಾರದ ಗುಂಡಿಯನ್ನು ಒತ್ತುವ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಆದರೆ ಹೊರಗಿನ ಜಗುಲಿಯಲ್ಲಿ ಬೇರೆಯೇ ದೃಶ್ಯವಿತ್ತು. ಹತ್ತು ವರ್ಷದ ಬಾಲಕನೊಬ್ಬ ಸೋತು ಹೊರಗೆ ಬಂದಿದ್ದ. ಅವನ ತಂದೆ ಎಲ್ಲರ ಎದುರಿಗೇ, “ಗೆದ್ದ ಆಟವನ್ನು ಸೋತು ಬಂದೆಯಲ್ಲ, ನಾಚಿಕೆಯಾಗುವುದಿಲ್ಲವೆ?” ಎಂದು ಗದರಿಸುತ್ತಿದ್ದರು. ಬಾಲಕನು ತಾನು ನಡೆಗಳನ್ನು ಬರೆದಿದ್ದ ಹಾಳೆಯನ್ನು ಮುದುರಿ ಮುಷ್ಟಿಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತಿದ್ದನು. ತಂದೆ ಯಾರೊಡನೆಯೋ ಮಾತಿಗೆ ತೊಡಗಿದಾಗ ಅವನು ಮೆಲ್ಲನೆ ಒಳಗೆ ಬಂದು, ಇನ್ನೂ ನಡೆಯುತ್ತಿದ್ದ ಮೊದಲನೆಯ ಮೇಜಿನ ಆಟದ ಬಳಿ ನನ್ನ ಪಕ್ಕದಲ್ಲಿಯೇ ನಿಂತನು.

ಆ ಮೇಜಿನಲ್ಲಿ ಕಪ್ಪು ಕಾಯಿಗಳನ್ನು ಹಿಡಿದವರು ನಿವೃತ್ತಿಗೆ ಎರಡು ವರ್ಷವಿದ್ದ ಒಬ್ಬ ಗುಮಾಸ್ತರು. ಬಿಳಿಯ ಕಾಯಿಗಳು ಮೋಟಾರು ರಿಪೇರಿಯ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ತರುಣನವು. ಇಬ್ಬರೂ ದಿನದ ದುಡಿಮೆ ಮುಗಿಸಿ ಸಂಜೆ ಸಂಘದಲ್ಲಿ ಆಡುವವರು. ಪುಸ್ತಕಗಳನ್ನು ಓದಿ ಆಟದ ಶಾಸ್ತ್ರವನ್ನು ಕರಗತಮಾಡಿಕೊಂಡವರಲ್ಲ. ಆಟ ಸಮವಾದರೂ ಸಾಕು, ಹಿರಿಯರಿಗೆ ಮೊದಲನೆಯ ಬಹುಮಾನ. ಅಷ್ಟು ವರ್ಷ ಆಡಿದರೂ ಆ ಬಹುಮಾನ ಅವರಿಗೆ ಒಮ್ಮೆಯೂ ಬಂದಿರಲಿಲ್ಲವೆಂದು ಸಂಘದವರು ನನಗೆ ಹೇಳಿದರು. ತರುಣನು ಮೊದಲಿಗನಾಗಬೇಕಾದರೆ ಗೆಲ್ಲಲೇಬೇಕಾಗಿತ್ತು.

ಮೂರು ಗಂಟೆಯ ಹೋರಾಟದ ಬಳಿಕ ಹಾಸಿನ ಮೇಲೆ ಉಳಿದದ್ದು ಮೂರೇ ಕಾಯಿಗಳು: ಬಿಳಿಯ ರಾಜ, ಒಂದು ಬಿಳಿಯ ಪದಾತಿ, ಮತ್ತು ಕಪ್ಪು ರಾಜ. ಪದಾತಿಯು ಕೊನೆಯ ಸಾಲನ್ನು ಮುಟ್ಟಿದರೆ ಮಂತ್ರಿಯಾಗುತ್ತದೆ. ಆಮೇಲೆ ಆಟ ಮುಗಿದಂತೆಯೇ. ಮುಟ್ಟದಂತೆ ತಡೆದರೆ ಆಟ ಸಮ. ತರುಣನು ಪದಾತಿಯನ್ನು ಒಂದು ಮನೆ ಮುಂದಕ್ಕೆ ನೂಕಿದನು. ಅದು ಕಪ್ಪು ರಾಜನ ಎದುರಿಗೇ ಬಂದು ನಿಂತಿತು. ಕೊನೆಯ ಸಾಲಿಗೆ ಇನ್ನು ಎರಡೇ ಹೆಜ್ಜೆ. ಅದರ ಹಿಂದೆ ಓರೆಯಲ್ಲಿ ಬಿಳಿಯ ರಾಜನ ಕಾವಲು ಇದ್ದುದರಿಂದ ಅದನ್ನು ಹೊಡೆಯುವಂತಿರಲಿಲ್ಲ. ಕಪ್ಪು ರಾಜನು ಹೋಗಬಹುದಾದ ಮನೆಗಳು ನಾಲ್ಕು: ನೆಟ್ಟಗೆ ಹಿಂದಕ್ಕೆ ಒಂದು, ಓರೆಯಾಗಿ ಹಿಂದಕ್ಕೆ ಎರಡು, ಓರೆಯಾಗಿ ಮುಂದಕ್ಕೆ ಒಂದು. ಇವುಗಳಲ್ಲಿ ಮೂರು ಸೋಲಿನ ದಾರಿ. ಒಂದು ಮಾತ್ರ ಉಳಿಯುವ ದಾರಿ.

ಹಿರಿಯರ ಗಡಿಯಾರದಲ್ಲಿ ಮೂರು ನಿಮಿಷ ಉಳಿದಿತ್ತು. ಅದರಲ್ಲಿ ಎರಡನ್ನು ಅವರು ಯೋಚನೆಗೆ ಕೊಟ್ಟರು. ಬಳಿಕ ರಾಜನನ್ನೆತ್ತಿ ಓರೆಯಾಗಿ ಹಿಂದಕ್ಕೆ, ಬಿಳಿಯ ರಾಜನಿದ್ದ ಕಡೆಗೆ ಇಟ್ಟು ಕೈಬಿಟ್ಟರು. ತರುಣನ ರಾಜ ಒಂದು ಮನೆ ಮುಂದೆ ಬಂದು ಅವರ ರಾಜನ ಎದುರು ನಿಂತಿತು. ನಡುವೆ ಒಂದೇ ಮನೆಯ ಅಂತರ. ಸರದಿ ಮಾತ್ರ ಹಿರಿಯರದು. ನಡೆಯದೆ ನಿಲ್ಲಲು ಈ ಆಟದಲ್ಲಿ ಅವಕಾಶವಿಲ್ಲ. ರಾಜ ಪಕ್ಕಕ್ಕೆ ಸರಿಯಬೇಕಾಯಿತು. ಪದಾತಿ ಇನ್ನೊಂದು ಹೆಜ್ಜೆ ಮುಂದೆ ಬಂದಿತು. ಹಿರಿಯರು ಕ್ಷಣಕಾಲ ಹಾಸನ್ನು ನೋಡಿದರು. ತರುಣನು ಆತುರದಲ್ಲಿ ಎಡವಬಹುದೆಂದು ಕಾಯುತ್ತ ಕೂರಲಿಲ್ಲ. ಗಡಿಯಾರವನ್ನು ನಿಲ್ಲಿಸಿ, ಕೈ ಚಾಚಿ, ತಮ್ಮ ಹಾಳೆಯ ಕೆಳಗೆ ಫಲಿತಾಂಶವನ್ನು ಬರೆದು ರುಜು ಹಾಕಿದರು.

ಆಟ ಇಲ್ಲಿಗೆ ಮುಗಿಯಿತು. ನನಗೆ ಮುಖ್ಯವೆಂದು ತೋರಿದ ಭಾಗ ಆರಂಭವಾದದ್ದು ಇಲ್ಲಿಂದಲೇ. ಹಿರಿಯರು ಎದ್ದು ಹೋಗಲಿಲ್ಲ. ಮೂರು ಕಾಯಿಗಳನ್ನು ಹಿಂದಿನ ಸ್ಥಾನದಲ್ಲಿ ಮತ್ತೆ ಇಟ್ಟರು. ಪಕ್ಕದಲ್ಲಿದ್ದವರೊಬ್ಬರು ಮೊಬೈಲ್ ಫೋನನ್ನು ಹೊರಗೆ ತೆಗೆದು, “ಇದರಲ್ಲಿ ಹಾಕಿದರೆ ಈಗಲೇ ಹೇಳಿಬಿಡುತ್ತದೆ” ಎಂದರು. “ಸ್ವಲ್ಪ ತಾಳಿ, ಮೊದಲು ನಾವೇ ನೋಡೋಣ” ಎಂದು ಹಿರಿಯರು ತಡೆದು, ತರುಣನ ಕಡೆ ತಿರುಗಿ, “ನಿನ್ನ ರಾಜ ಮುಂದೆ ನುಗ್ಗಿಬಿಡುತ್ತಾನೆಂದು ಹೆದರಿದೆ ಕಣಯ್ಯ. ಅವನು ಬರುವ ದಾರಿಗೆ ಮೊದಲೇ ಹೋಗಿ ನಿಂತುಬಿಡೋಣ ಎಂದುಕೊಂಡೆ” ಎಂದರು. ತರುಣನು ಸಂಕೋಚದಿಂದ, “ನಿಜ ಹೇಳಬೇಕೆಂದರೆ ಸಾರ್, ನೀವು ಹೇಗೆ ಆಡಿದ್ದರೂ ಗೆಲವು ನನ್ನದೇ ಎಂದುಕೊಂಡಿದ್ದೆ” ಎಂದನು.

ಆಗ ನನ್ನ ಪಕ್ಕದಲ್ಲಿದ್ದ ಬಾಲಕನು ಮೆಲುದನಿಯಲ್ಲಿ, “ಸಾರ್, ರಾಜನನ್ನು ನೆಟ್ಟಗೆ ಹಿಂದಕ್ಕೆ ಇಟ್ಟಿದ್ದರೆ?” ಎಂದು ಕೇಳಿದನು. “ಇಟ್ಟು ತೋರಿಸು ಮರಿ” ಎಂದು ಹಿರಿಯರು ಜಾಗ ಬಿಟ್ಟುಕೊಟ್ಟರು. ಅವನು ರಾಜನನ್ನು ಒಂದು ಮನೆ ನೆಟ್ಟಗೆ ಹಿಂದಕ್ಕೆ, ಕೊನೆಯ ಸಾಲಿನಲ್ಲಿ ಇಟ್ಟನು. ಬಿಳಿಯ ರಾಜ ಮುಂದೆ ಬಂದಾಗ ಅದರ ಎದುರಿನ ಮನೆಗೆ ಸರಿದು ಮುಖಾಮುಖಿ ನಿಲ್ಲಿಸಿದನು. ಪದಾತಿ ಮುಂದೆ ಬಂದಾಗ ಮತ್ತೆ ಅದರ ದಾರಿಗೆ ಅಡ್ಡವಾಗಿ ನಿಲ್ಲಿಸಿದನು. ಇನ್ನು ಪದಾತಿಯನ್ನು ಉಳಿಸಿಕೊಳ್ಳಲು ಬಿಳಿಯ ರಾಜ ಅದರ ಬೆನ್ನಿಗೆ ಬಂದರೆ ಕಪ್ಪು ರಾಜನಿಗೆ ಶಹವೂ ಇಲ್ಲ, ನಡೆಯಲು ಮನೆಯೂ ಇಲ್ಲ. ನಿಯಮದಂತೆ ಆಟ ಸಮ. ಬರದಿದ್ದರೆ ಪದಾತಿಯೇ ಹೋಗುತ್ತದೆ. ಆಗಲೂ ಆಟ ಸಮ. ಇಬ್ಬರೂ ಮೂರು ನಾಲ್ಕು ಬಗೆಯಾಗಿ ಆಡಿ ನೋಡಿದರು. ಪ್ರತಿ ಸಲವೂ ಅದೇ ಫಲ. ಹಿರಿಯರು ಹಣೆಯನ್ನು ತಟ್ಟಿಕೊಂಡು ನಕ್ಕು, “ಎದುರಾಳಿ ಬಂದ ಮೇಲೆ ಎದುರಿಗೆ ಹೋಗಿ ನಿಲ್ಲಬೇಕಾಗಿತ್ತು. ನಾನು ಅವನು ಬರುವುದಕ್ಕೆ ಮುಂಚೆಯೇ ಹೋಗಿ ನಿಂತೆ. ಗೊತ್ತಾಯಿತು, ಇನ್ನು ಮರೆಯುವುದಿಲ್ಲ” ಎಂದರು. ಬಾಲಕನ ಮುಖದಲ್ಲಿ ಬೆಳಕು ಮೂಡಿತ್ತು. ಅವನು ಮುಷ್ಟಿಯಲ್ಲಿದ್ದ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಉಜ್ಜಿ ಸರಿಮಾಡಿ, “ನನ್ನ ಆಟವನ್ನೂ ನೋಡುತ್ತೀರಾ?” ಎಂದು ಕೇಳಿದನು.

ಈ ಪ್ರಸಂಗದಲ್ಲಿ ಲಾಭವಾದದ್ದು ಯಾರಿಗೆ? ಸೋತ ಹಿರಿಯರಿಗೆ ತಮ್ಮ ತಪ್ಪು ತಿಳಿಯಿತು ಎಂಬುದು ಸ್ಪಷ್ಟ. ಆದರೆ ಗೆದ್ದ ತರುಣನ ಸ್ಥಿತಿಯನ್ನು ಯೋಚಿಸಿ ನೋಡಿರಿ. ತನ್ನ ಸ್ಥಾನ ಗೆಲ್ಲುವಂತಹುದೆಂದು ಅವನು ನಂಬಿದ್ದನು. ಆ ನಂಬಿಕೆ ತಪ್ಪಾಗಿತ್ತು. ಬಹುಮಾನವನ್ನು ಹಿಡಿದು ಹಾಗೆಯೇ ಮನೆಗೆ ಹೋಗಿದ್ದರೆ ಆ ತಪ್ಪು ತಿಳಿವಳಿಕೆಯನ್ನೂ ಜೊತೆಯಲ್ಲೇ ಒಯ್ಯುತ್ತಿದ್ದನು. ಸೋಲು ತಪ್ಪನ್ನು ಎತ್ತಿ ತೋರಿಸುತ್ತದೆ. ಗೆಲವು ತಪ್ಪನ್ನು ಮುಚ್ಚುತ್ತದೆ. ಆದುದರಿಂದ ಪರೀಕ್ಷೆಯ ಅಗತ್ಯ ಸೋತವನಿಗಿಂತ ಗೆದ್ದವನಿಗೇ ಹೆಚ್ಚು. ಇದು ಚದುರಂಗಕ್ಕೆ ಮಾತ್ರ ಸಲ್ಲುವ ಮಾತಲ್ಲ. ಪರೀಕ್ಷೆಯಲ್ಲಿ ಹೇಗೋ ಸರಿಯುತ್ತರ ಬರೆದು ಅಂಕ ಪಡೆದ ವಿದ್ಯಾರ್ಥಿ, ಅದೃಷ್ಟದಿಂದ ಫಸಲು ಕಂಡ ಒಕ್ಕಲಿಗ, ಮಾತಿನ ಬಲದಿಂದ ವಾದ ಗೆದ್ದ ಪಂಡಿತ, ಇವರೆಲ್ಲರೂ ತಮ್ಮ ಗೆಲವನ್ನು ಬಿಚ್ಚಿ ನೋಡಿದರೆ ಒಳಗೆ ಏನೇನು ಕಾಣುತ್ತದೆಯೋ!

ಹೀಗೆ ಬಿಚ್ಚಿ ನೋಡುವುದು ಸುಲಭವಲ್ಲವೆಂಬುದನ್ನು ನನ್ನ ಅನುಭವದಿಂದಲೇ ಬಲ್ಲೆ. ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ಹಳಗನ್ನಡ ಪದ್ಯವೊಂದನ್ನು ಪಾಠಮಾಡುತ್ತ ‘ಬಾಳ್’ ಎಂಬ ಪದಕ್ಕೆ ‘ಜೀವನ’ ಎಂದು ಅರ್ಥ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಇಲ್ಲಿ ಯುದ್ಧದ ಮಾತಿದೆಯಲ್ಲ, ಬಾಳು ಎಂದರೆ ಕತ್ತಿ ಇರಬಹುದೆ?” ಎಂದು ಕೇಳಿದನು. ಅವನೆಂದುದೇ ಸರಿ. ಬದುಕು ಎಂಬ ಅರ್ಥದ ‘ಬಾೞ್’ ಬೇರೆ, ಕತ್ತಿ ಎಂಬ ಅರ್ಥದ ‘ಬಾಳ್’ ಬೇರೆ. ಆ ಕ್ಷಣವೇ ನನಗೆ ಅದು ಹೊಳೆಯಿತು. ಆದರೂ ನಲವತ್ತು ಮಕ್ಕಳ ಎದುರಿಗೆ ತಪ್ಪೊಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. “ಅಧಿಕಪ್ರಸಂಗ ಬೇಡ, ಕುಳಿತುಕೋ” ಎಂದುಬಿಟ್ಟೆ. ಅವನು ಕುಳಿತನು. ಆ ವರ್ಷ ಮುಗಿಯುವವರೆಗೆ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಂದಿನ ದಿನ ಎದ್ದು ನಿಂತು, “ನೆನ್ನೆ ನಾನು ಹೇಳಿದ್ದು ತಪ್ಪು, ನಿಮ್ಮ ಗೆಳೆಯ ಹೇಳಿದ್ದು ಸರಿ” ಎಂದು ಹೇಳುವುದಕ್ಕೆ ಒಂದು ನಿಮಿಷ ಸಾಕಾಗಿತ್ತು. ಆ ಒಂದು ನಿಮಿಷವನ್ನು ನಾನು ಕೊಡಲಿಲ್ಲ. ಅಪರಿಚಿತ ಬಾಲಕನಿಗೆ “ಇಟ್ಟು ತೋರಿಸು ಮರಿ” ಎಂದು ಜಾಗ ಬಿಟ್ಟುಕೊಟ್ಟ ಆ ಗುಮಾಸ್ತರನ್ನು ನೋಡಿದಾಗ ನನಗೆ ನೆನಪಾದದ್ದು ಆ ಹಿಂದಿನ ಬೆಂಚಿನ ಹುಡುಗನೇ.

ತಪ್ಪು ಮಾಡುವುದು ಸಾಮಾನ್ಯರ ಗುಣ, ದೊಡ್ಡವರು ತಪ್ಪುವುದಿಲ್ಲ ಎಂದು ಕೆಲವರು ಭಾವಿಸಬಹುದು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್ ಪಂದ್ಯದ 14ನೆಯ ಆಟವನ್ನು ನೆನೆಯಬಹುದು. ನಮ್ಮ ದೇಶದ ದೊಮ್ಮರಾಜು ಗುಕೇಶ್ ಮತ್ತು ಅಂದಿನ ವಿಶ್ವ ಚಾಂಪಿಯನ್ ಚೀನದ ದಿಂಗ್ ಲಿರೆನ್ ಆಡುತ್ತಿದ್ದರು. ಆಟ ಸಮವಾಗುವ ಹಾದಿಯಲ್ಲಿದ್ದಾಗ, 55ನೆಯ ನಡೆಯಲ್ಲಿ ದಿಂಗ್ ಆನೆಯನ್ನು ಇಡಬಾರದ ಮನೆಯಲ್ಲಿ ಇಟ್ಟರು. ಕಾಯಿಗಳೆಲ್ಲ ಹೊಡೆದುಕೊಂಡು ಹೋಗಿ ರಾಜರೂ ಪದಾತಿಗಳೂ ಮಾತ್ರ ಉಳಿದರೆ ಗೆಲವು ಗುಕೇಶರದಾಗಿತ್ತು. 18 ವರ್ಷದ ಗುಕೇಶ್ ಏಳೂವರೆಗೆ ಆರೂವರೆಯಂತೆ ಗೆದ್ದು ವಿಶ್ವ ಚಾಂಪಿಯನ್ನರಾದರು. ಜಗತ್ತೇ ನೋಡುತ್ತಿದ್ದ ಆ ಗಳಿಗೆಯಲ್ಲಿ ಸೋತ ದಿಂಗ್ ನೆವ ಹೇಳಲಿಲ್ಲ. ಪತ್ರಕರ್ತರ ಎದುರಿಗೆ ಕುಳಿತು ತಮ್ಮ ತಪ್ಪನ್ನು ಒಪ್ಪಿಕೊಂಡು, ಫಲಿತಾಂಶ ನ್ಯಾಯವಾದುದೇ ಎಂದರು. ಸಣ್ಣ ಊರಿನ ಗುಮಾಸ್ತರೂ ವಿಶ್ವ ಚಾಂಪಿಯನ್ನರೂ ಆಟದ ಬಲದಲ್ಲಿ ಅಜಗಜಾಂತರವುಳ್ಳವರು. ಸೋಲಿನ ಮುಂದೆ ನಿಂತ ರೀತಿಯಲ್ಲಿ ಇಬ್ಬರೂ ಒಂದೇ ಸಾಲಿನವರು.

ಇಲ್ಲಿ ಒಂದು ಆಕ್ಷೇಪ ಬರಬಹುದು. 1997ರಲ್ಲಿ ‘ಡೀಪ್ ಬ್ಲೂ’ ಎಂಬ ಯಂತ್ರ ಅಂದಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವರನ್ನು ನ್ಯೂಯಾರ್ಕಿನಲ್ಲಿ ಸೋಲಿಸಿತು. ಇಂದು ಜೇಬಿನಲ್ಲಿರುವ ಫೋನು ಯಾವ ಮನುಷ್ಯನಿಗಿಂತಲೂ ಚೆನ್ನಾಗಿ ಆಡಬಲ್ಲದು. ಹೀಗಿರುವಲ್ಲಿ ತಪ್ಪನ್ನು ಹುಡುಕಲು ಇಬ್ಬರು ಅಲ್ಪಜ್ಞರು ತಲೆ ಕೆಡಿಸಿಕೊಳ್ಳುವುದೇತಕ್ಕೆ ಎಂದು ಕೇಳಬಹುದು. ಯಂತ್ರದಿಂದ ಉಪಕಾರವಿಲ್ಲವೆಂದು ನಾನು ಹೇಳುವುದಿಲ್ಲ. ಸರಿಯಾದ ನಡೆ ಯಾವುದೆಂದು ಅದು ಕ್ಷಣಾರ್ಧದಲ್ಲಿ ತೋರಿಸುತ್ತದೆ. ಆದರೆ ಹಿರಿಯರು ತಪ್ಪು ನಡೆಯನ್ನು ಏಕೆ ಆಡಿದರೆಂಬುದು ಯಂತ್ರಕ್ಕೆ ತಿಳಿಯದು. “ಹೆದರಿದೆ” ಎಂಬ ಮಾತನ್ನು ಹೇಳಬಲ್ಲವರು ಅವರೊಬ್ಬರೇ. ತಪ್ಪಿನ ಬೇರು ಇರುವುದು ಆ ಮಾತಿನಲ್ಲಿ. ಬೇರನ್ನು ಕಾಣದೆ ಸರಿಯುತ್ತರವನ್ನು ಮಾತ್ರ ನೋಡಿಕೊಂಡವನು, ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಉತ್ತರ ನೋಡಿ ಬರೆದುಕೊಂಡ ಹುಡುಗನಂತೆ, ಮುಂದಿನ ಲೆಕ್ಕದಲ್ಲಿ ಮತ್ತೆ ಎಡವುತ್ತಾನೆ.

ಇನ್ನು ಜಗುಲಿಯಲ್ಲಿ ನಿಂತು ಮಗನನ್ನು ಗದರಿಸಿದ ತಂದೆಯ ವಿಷಯ. ಅವರಿಗೆ ಮಗನ ಮೇಲೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ವಿಶ್ವನಾಥನ್ ಆನಂದ್ 1988ರಲ್ಲಿ ದೇಶದ ಮೊದಲನೆಯ ಗ್ರಾಂಡ್‌ಮಾಸ್ಟರ್ ಆದಂದಿನಿಂದ ನಮ್ಮ ಮಕ್ಕಳು ಈ ಆಟದಲ್ಲಿ ಬಹಳ ಮುಂದೆ ಬಂದಿದ್ದಾರೆ. ತನ್ನ ಮಗನೂ ಆ ಸಾಲಿಗೆ ಸೇರಲಿ ಎಂಬ ಆಸೆ ಸಹಜವಾದುದು. ಆದರೆ ಸೋತದ್ದಕ್ಕೆ ನಾಚಿಕೆಪಡಬೇಕೆಂದು ಕಲಿತ ಮಗು ಮೊದಲು ಮಾಡುವ ಕೆಲಸವೆಂದರೆ ಹಾಳೆಯನ್ನು ಮುದುರಿ ಮುಷ್ಟಿಯಲ್ಲಿ ಬಚ್ಚಿಡುವುದು. ತಪ್ಪನ್ನು ಬಚ್ಚಿಡಲು ಕಲಿತವನು ತಪ್ಪನ್ನು ತಿದ್ದಿಕೊಳ್ಳಲಾರ. ಆಟದ ಮೇಜಿನಲ್ಲಿ ಹೀಗೆ ಬೆಳೆದವನು ಮುಂದೆ ಕಚೇರಿಯ ಕಡತದಲ್ಲಿ, ಅಂಗಡಿಯ ಲೆಕ್ಕದಲ್ಲಿ, ಊರಿನ ಆಡಳಿತದಲ್ಲಿಯೂ ಹಾಗೆಯೇ ನಡೆದುಕೊಂಡರೆ ಆಶ್ಚರ್ಯವೇನು? “ಗೆದ್ದೆಯಾ?” ಎಂದು ಕೇಳುವುದಕ್ಕೆ ಬದಲಾಗಿ “ಎಲ್ಲಿ, ನಿನ್ನ ಆಟವನ್ನು ತೋರಿಸು” ಎಂದು ಕೇಳುವ ತಂದೆತಾಯಂದಿರೂ ಉಪಾಧ್ಯಾಯರೂ ನಮಗೆ ಬೇಕು.

ಆ ಸಂಜೆ ನನ್ನ ಕೈಯಿಂದಲೇ ತರುಣನಿಗೆ ಮೊದಲನೆಯ ಬಹುಮಾನವನ್ನೂ ಹಿರಿಯರಿಗೆ ಎರಡನೆಯದನ್ನೂ ಕೊಡಿಸಿದರು. ಜನ ಚಪ್ಪಾಳೆ ತಟ್ಟಿದರು. ಸಭೆ ಮುಗಿದು ನಾನು ಹೊರಡುವಾಗ ಭವನದ ಮೂಲೆಯ ಮೇಜೊಂದರ ಮೇಲೆ ಇನ್ನೂ ದೀಪ ಉರಿಯುತ್ತಿತ್ತು. ಹಿರಿಯರೂ ತರುಣನೂ ಆ ಬಾಲಕನ ಹಾಳೆಯನ್ನು ನಡುವೆ ಇಟ್ಟುಕೊಂಡು ಕಾಯಿಗಳನ್ನು ಜೋಡಿಸುತ್ತಿದ್ದರು. ಅವನ ತಂದೆ ಮೊದಲು ದೂರದಲ್ಲಿ ನಿಂತು ನೋಡಿದರು. ಬಳಿಕ ಒಂದು ಕುರ್ಚಿಯನ್ನು ಎಳೆದುಕೊಂಡು ಮಗನ ಪಕ್ಕದಲ್ಲಿ ಕುಳಿತರು.